ಬೆರಳಲ್ಲಿ ಆಕ್ಸಿಜನ್ 98 ಇದ್ದರೂ ಐದೇ ನಿಮಿಷಕ್ಕೆ ಸುಸ್ತೇಕೆ?

1965ರ ಯುದ್ಧದಲ್ಲಿ ಬೆನ್ನುಮೂಳೆಗೆ ಗುಂಡು ಹೊಕ್ಕ ಸೈನಿಕ ಮುರಳೀಕಾಂತ ಪೇಟಕರ್, 1972ರಲ್ಲಿ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದವರು. 2025ರ ಜನವರಿಯಲ್ಲಿ ಅವರಿಗೆ ಜೀವಮಾನ ಸಾಧನೆಯ ಅರ್ಜುನ ಪ್ರಶಸ್ತಿ ಸಂದಿತು. ಆ ಸುದ್ದಿ ನೋಡಿದ ಒಬ್ಬ ಕನ್ನಡದ ಅಕ್ಕ ಪುಣೆಯ ಔಷಧಿ ಅಂಗಡಿಯಲ್ಲಿ ನನ್ನನ್ನು ಕೇಳಿದರು: "ನಮ್ಮೆಜಮಾನ್ರು ಕೈಸೈಕಲ್ ಐದು ನಿಮಿಷ ತಿರುಗಿಸಿದ್ರೆ ಸುಸ್ತಾಗ್ತಾರೆ. ಆಕ್ಸಿಮೀಟರ್ 98 ತೋರಿಸುತ್ತೆ. ಆಕ್ಸಿಜನ್ ಡಬ್ಬಿ ತಗೊಳ್ಳಲಾ?"

ಬೇಡ. ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆ ಎಂದು ಮಾತ್ರ. ಅದು ಸ್ನಾಯುವಿಗೆ ತಲುಪಿತೇ, ಸ್ನಾಯು ಅದನ್ನು ಬಳಸಿತೇ ಎಂಬುದು ಬೇರೆ ಮಾತು. ನಾವು ನಡೆಯುವಾಗ ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಹೃದಯಕ್ಕೆ ಮೇಲೆ ತಳ್ಳುತ್ತವೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಆ ಪಂಪು ನಿಂತಿರುತ್ತದೆ. ರಕ್ತ ಕಾಲಲ್ಲೇ ಉಳಿದು, ದುಡಿಯುವ ತೋಳಿಗೆ ಸಾಲದಾಗುತ್ತದೆ. ಕೆಲಸವಿಲ್ಲದ ಕಾಲಿನ ಸ್ನಾಯು ಕರಗುತ್ತದೆ, ಅಲ್ಲಿನ ರಕ್ತನಾಳ ಕಿರಿದಾಗುತ್ತದೆ, ಆಮ್ಲಜನಕ ಉರಿಸುವ ಮೈಟೊಕಾಂಡ್ರಿಯಾ ಕುಗ್ಗುತ್ತದೆ. ಡಬ್ಬಿಯ ಗಾಳಿ ಇದ್ಯಾವುದನ್ನೂ ಸರಿಪಡಿಸದು. (ಕುತ್ತಿಗೆಯ ಗಾಯದವರಲ್ಲಿ ಉಸಿರಾಟವೇ ದುರ್ಬಲವಾಗಿ ಅಂಕಿ ಇಳಿದರೆ ಮಾತ್ರ ವೈದ್ಯರ ಬಳಿ ಓಡಬೇಕು.)

ಮನೆಯವರು ಕಾಲು ಮಡಚಿ ಬಿಡಿಸುವುದು ಕೀಲಿಗೆ ಒಳ್ಳೆಯದು, ಆದರೆ ಸ್ನಾಯು ತಾನೇ ದುಡಿದಂತಾಗದು. ವಿದ್ಯುತ್ ಪ್ರಚೋದನೆಯಿಂದ ಕಾಲಿನ ಸ್ನಾಯುವನ್ನೇ ತುಳಿಯುವಂತೆ ಮಾಡುವ ಸೈಕಲ್‌ಗಳಿವೆ. ತಿಂಗಳುಗಟ್ಟಲೆ ಮಾಡಿದರೆ ಆಮ್ಲಜನಕ ಬಳಸುವ ಶಕ್ತಿ ಮರಳುತ್ತದೆ. ಮೂಳೆ ಸವೆದಿದ್ದರೆ ಮುರಿಯುವ ಭಯವಿದೆ, ಮೊದಲು ಪರೀಕ್ಷೆ ಆಗಬೇಕು. ಪುಣೆಯ ಖಡಕಿಯಲ್ಲಿ ಗಾಯಾಳು ಸೈನಿಕರಿಗೆ 1974ರಿಂದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವಿದೆ. ಕಟ್ಟಡದಿಂದ ಬಿದ್ದ ಕೂಲಿಕಾರನಿಗೆ ಆಸ್ಪತ್ರೆ ಬಿಟ್ಟ ಮೇಲೆ ಹೆಂಡತಿಯೇ ಫಿಸಿಯೋಥೆರಪಿಸ್ಟ್. ನಿಜವಾದ ಕೊರತೆ ಇಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಎಷ್ಟು ಮಾಡಬೇಕು? 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ವಾರಕ್ಕೆ 2 ಸಲ, ತಲಾ 20 ನಿಮಿಷ ಏದುಸಿರು ಬರುವಷ್ಟು ವ್ಯಾಯಾಮ, ಜತೆಗೆ ಶಕ್ತಿಯಿರುವ ಸ್ನಾಯುಗಳಿಗೆ ಭಾರ ಎತ್ತುವ ಅಭ್ಯಾಸ 3 ಸುತ್ತು. ಐದು ನಿಮಿಷದಿಂದಲೇ ಶುರು ಮಾಡಿ. ಗಾಯ ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಇದ್ದರೆ ನಾಡಿಬಡಿತ ಹೆಚ್ಚು ಏರುವುದಿಲ್ಲ. ನಾಡಿ ಎಣಿಸುವ ಬದಲು, ಮಾತಾಡಬಹುದು ಆದರೆ ಹಾಡಲಾಗದು ಎಂಬ ಮಟ್ಟ ನೋಡಿ.

ಇಂಥವರಿಗೇ ಇನ್ನೊಂದು ಅಪಾಯ: ಏಕಾಏಕಿ ತಲೆಸಿಡಿತ, ಮುಖ ಕೆಂಪಾಗಿ ಬೆವರುವುದು. ರಕ್ತದೊತ್ತಡ ವಿಪರೀತ ಏರಿರಬಹುದು. ವ್ಯಾಯಾಮ ನಿಲ್ಲಿಸಿ, ನೇರ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಮಡಚಿದೆಯೇ ನೋಡಿ. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಫಾರ್ಮಸಿಸ್ಟ್ ಆಗಿ ಇದನ್ನೂ ಹೇಳಬೇಕು. ಮೂತ್ರಕೋಶಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಬೆವರು ತಗ್ಗಿಸುತ್ತದೆ. ಗಾಯದ ಕೆಳಗೆ ಮೊದಲೇ ಬೆವರು ಕಡಿಮೆ. ಹಾಗಾಗಿ ಏಪ್ರಿಲ್-ಮೇ ಬಿಸಿಲಲ್ಲಿ ಬೆಳಗಿನ ಏಳರೊಳಗೆ ವ್ಯಾಯಾಮ ಮುಗಿಸಿ, ಒದ್ದೆ ಬಟ್ಟೆ ಪಕ್ಕದಲ್ಲಿರಲಿ. ಸುಸ್ತಿಗೆ ಬ್ಯಾಕ್ಲೋಫೆನ್ ಕಾರಣವೆಂದು ಅನಿಸಿದರೆ ವೈದ್ಯರನ್ನು ಕೇಳಿ. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ.