ಮೂವತ್ತೇಳರ ಎರಡು ಬಗೆಯ ಗುಣಗಳು

ಅಂಕಗಣಿತದ ವಿನೋದಗಳನ್ನು ಹೇಳುವ ಪುಸ್ತಕಗಳಲ್ಲಿ 37 ಎಂಬ ಅವಿಭಾಜ್ಯ ಸಂಖ್ಯೆಗೆ ಮನ್ನಣೆಯ ಸ್ಥಾನವುಂಟು. ಅದನ್ನು 3ರಿಂದ ಗುಣಿಸಿದರೆ 111, 6ರಿಂದ ಗುಣಿಸಿದರೆ 222, 27ರಿಂದ ಗುಣಿಸಿದರೆ 999 ಬರುವುದು. 37ರ ನಾಲ್ಕರಷ್ಟಾದ 148ರಲ್ಲಿ ಮೊದಲ ಅಂಕಿಯನ್ನು ಕೊನೆಗೆ ಸರಿಸಿದರೆ 481. ಮತ್ತೊಮ್ಮೆ ಸರಿಸಿದರೆ 814. ಇವೆರಡೂ 37ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಇದನ್ನು ಕಂಡು ಬೆರಗಾಗದ ವಿದ್ಯಾರ್ಥಿ ವಿರಳ. ಬೆರಗು ಒಳ್ಳೆಯದೇ, ಆದರೆ ಬೆರಗಿನಲ್ಲಿಯೇ ನಿಂತುಬಿಡುವುದು ಗಣಿತಾಭ್ಯಾಸವಲ್ಲವೆಂದು ನಾವು ಭಾವಿಸುತ್ತೇವೆ.

ಹೀಗಾಗುವುದಕ್ಕೆ ಕಾರಣವೇನು? ಮೂರಂಕಿಯ ಸಂಖ್ಯೆಯ ಮೊದಲ ಅಂಕಿಯನ್ನು ಕೊನೆಗೆ ಸರಿಸುವುದೆಂದರೆ, ಆ ಸಂಖ್ಯೆಯನ್ನು 10ರಿಂದ ಗುಣಿಸಿ, ಬಂದುದರಿಂದ ಆ ಅಂಕಿಯ 999ರಷ್ಟನ್ನು ಕಳೆಯುವುದು. 1480ರಿಂದ 999ನ್ನು ಕಳೆದರೆ 481. 4810ರಿಂದ 999ರ ನಾಲ್ಕರಷ್ಟನ್ನು ಕಳೆದರೆ 814. ಮೂಲಸಂಖ್ಯೆಯೂ 999 ಕೂಡ 37ರಿಂದ ಭಾಗವಾಗುವುದರಿಂದ ಉಳಿದುದೂ ಭಾಗವಾಗಲೇಬೇಕು. ರಹಸ್ಯವೆಲ್ಲ ಇಷ್ಟೇ.

ಇಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳಬೇಕು. ಈ ಗುಣ ಸಂಖ್ಯೆಯದೋ, ಅಥವಾ ನಾವು ಅದನ್ನು ಬರೆಯುವ ಕ್ರಮದ್ದೋ? ಮನುಷ್ಯರು ಹತ್ತರ ಬದಲು ಎಂಟೆಂಟಾಗಿ ಎಣಿಸುತ್ತಿದ್ದರೆ, ಮೂವತ್ತೇಳನ್ನು 45 ಎಂದು ಬರೆಯುತ್ತಿದ್ದರು. 111 ಎಂಬ ಬರಹ ನಮ್ಮ ಎಪ್ಪತ್ತಮೂರನ್ನು ಸೂಚಿಸುತ್ತಿತ್ತು. ಆಗ ಒಂದೇ ಅಂಕಿ ಮೂರು ಬಾರಿ ಬರುವ ಯಾವ ಸಂಖ್ಯೆಯೂ ಮೂವತ್ತೇಳರಿಂದ ಭಾಗವಾಗುತ್ತಿರಲಿಲ್ಲ. ಎಂದರೆ, ಈ ಚಮತ್ಕಾರ ದಶಮಾನ ಪದ್ಧತಿಯ ಕೊಡುಗೆ.

ಆದರೆ ಯಾವ ಪದ್ಧತಿಯಲ್ಲಿ ಬರೆದರೂ ಅಳಿಯದ ಗುಣಗಳು 37ಕ್ಕೆ ಇವೆ. ಅದು 1 ಮತ್ತು 6ರ ವರ್ಗಗಳ ಮೊತ್ತ. ಇದಕ್ಕಿಂತಲೂ ಆಳವಾದುದು ಮತ್ತೊಂದಿದೆ. ಎರಡಕ್ಕಿಂತ ದೊಡ್ಡದಾದ ಯಾವ ಘಾತಕ್ಕೂ, ಒಂದು ಪೂರ್ಣಾಂಕದ ಘಾತ ಬೇರೆ ಎರಡು ಪೂರ್ಣಾಂಕಗಳ ಅದೇ ಘಾತಗಳ ಮೊತ್ತವಾಗಲಾರದೆಂದು ಫ್ರಾನ್ಸಿನ ಫರ್ಮಾ 17ನೆಯ ಶತಮಾನದಲ್ಲಿ ಹೇಳಿದನು. (ಇಲ್ಲಿ ಸೊನ್ನೆಯನ್ನು ಎಣಿಸತಕ್ಕದ್ದಲ್ಲ.) ಜರ್ಮನಿಯ ಕುಮ್ಮರ್ 1850ರಲ್ಲಿ ಅವಿಭಾಜ್ಯ ಘಾತಗಳ ಒಂದು ದೊಡ್ಡ ವರ್ಗಕ್ಕೆಲ್ಲ ಇದನ್ನು ಒಮ್ಮೆಗೇ ಸಾಧಿಸಿದನು. ಅವನ ವಿಧಾನಕ್ಕೆ ಮೊದಲು ಅಡ್ಡ ನಿಂತ ಅವಿಭಾಜ್ಯವೇ 37. ನೂರರೊಳಗೆ ಅದರ ಜೊತೆಗಾರರು 59 ಮತ್ತು 67 ಮಾತ್ರ. ಇಂಥವನ್ನು ಅನಿಯತ ಅವಿಭಾಜ್ಯಗಳೆನ್ನಬಹುದು. ಬರ್ನೂಲಿ ಸಂಖ್ಯೆಗಳೆಂಬ ಭಿನ್ನರಾಶಿಗಳ ಅಂಶಗಳನ್ನು ಪರೀಕ್ಷಿಸಿ ಇವುಗಳನ್ನು ಗುರುತಿಸುತ್ತಾರೆ. 32ನೆಯ ಬರ್ನೂಲಿ ಸಂಖ್ಯೆಯ ಅಂಶ 37ರಿಂದ ಭಾಗವಾಗುತ್ತದೆ. ನಮ್ಮ ಶ್ರೀನಿವಾಸ ರಾಮಾನುಜನ್‌ರ ಮೊದಲ ಪ್ರಬಂಧ, 1911ರಲ್ಲಿ ಪ್ರಕಟವಾದುದು, ಈ ಬರ್ನೂಲಿ ಸಂಖ್ಯೆಗಳನ್ನು ಕುರಿತದ್ದೇ. ಫರ್ಮಾನ ಹೇಳಿಕೆಯ ಸಂಪೂರ್ಣ ಸಾಧನೆ ವೈಲ್ಸ್ ಅವರಿಂದ 1995ರಲ್ಲಿ ಪ್ರಕಟವಾಯಿತು.

ವಿನೋದಗಳನ್ನು ಪಾಠದಿಂದ ಹೊರಗಿಡಬೇಕೆಂದು ನಾವು ಹೇಳುತ್ತಿಲ್ಲ. 148ರ ಅಂಕಿಗಳನ್ನು ಸರಿಸುವ ಬಾಲಕನಿಗೆ ಶೇಷಗಳ ಶಾಸ್ತ್ರದ ಬಾಗಿಲು ಅಲ್ಲಿಯೇ ತೆರೆಯಬಹುದು. ಆದರೆ ಉತ್ತರವನ್ನಷ್ಟೇ ಒಪ್ಪಿಸಿ ಮುಂದೆ ಸಾಗುವ ಬೋಧನೆಯಿಂದ ಆ ಬಾಗಿಲು ಮುಚ್ಚಿಯೇ ಉಳಿಯುವುದು. ವಿದ್ಯಾರ್ಥಿಗಳು "ಏಕೆ?" ಎಂದೂ, "ಬರಹ ಬದಲಾದರೂ ಇದು ಉಳಿಯುವುದೇ?" ಎಂದೂ ಕೇಳುವುದನ್ನು ರೂಢಿಸಿಕೊಳ್ಳಲಿ. ಅನಿಯತ ಅವಿಭಾಜ್ಯಗಳು ಅನಂತವೆಂದು ಯೆನ್ಸೆನ್ 1915ರಲ್ಲಿ ಸಾಧಿಸಿದನು. ಉಳಿದ, ಅಂದರೆ ನಿಯತವಾದ, ಅವಿಭಾಜ್ಯಗಳು ಅನಂತವೇ ಎಂಬುದನ್ನು ಮಾತ್ರ ಇಂದಿಗೂ ಯಾರೂ ಸಾಧಿಸಿಲ್ಲ. ಇದನ್ನು ಓದುತ್ತಿರುವ ತರುಣರಿಗೆ ಮಾಡಲು ಕೆಲಸ ಇನ್ನೂ ಉಳಿದಿದೆ.