ಅಂಗಳದ ಕಂಬ ಯಾರದು?

ದಾವಣಗೆರೆಯ ನಿಟುವಳ್ಳಿ, ವಿನೋಬನಗರದಂಥ ಬಡಾವಣೆಗಳಲ್ಲಾಗಲಿ, ಹರಿಹರದ ಹಳೆಯ ಓಣಿಗಳಲ್ಲಾಗಲಿ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮೊದಲು ಒಂದೇ ಅಂತಸ್ತು ಇತ್ತು. ಮಗನ ಮದುವೆಯ ಹೊತ್ತಿಗೆ ಮೇಲೊಂದು ಅಂತಸ್ತು ಏರಿತು. ಹಿಂದೆ ತಲೆಯ ಮೇಲೆ ಎಲ್ಲೋ ಇದ್ದ ವಿದ್ಯುತ್ ತಂತಿ ಈಗ ಬಟ್ಟೆ ಒಣಹಾಕುವ ಹಗ್ಗದ ಪಕ್ಕಕ್ಕೇ ಬಂದಿದೆ. ಅಂಗಳದ ಮೂಲೆಯಲ್ಲಿ ಕಂಬಕ್ಕೆ ಆಧಾರವಾಗಿ ಎಳೆದು ಕಟ್ಟಿದ ಸ್ಟೇ ತಂತಿ, ಗೋಡೆಯ ಮೇಲೆ ಮೀಟರು. ಜಾಗ ಮನೆಯವರದು, ಸಾಮಗ್ರಿ ವಿದ್ಯುತ್ ಕಂಪನಿಯದು. ಹಾಗಿದ್ದರೆ ಹಕ್ಕು ಯಾರದು?

ದಾವಣಗೆರೆ ಜಿಲ್ಲೆಗೆ ವಿದ್ಯುತ್ ಹಂಚುವುದು ಬೆಸ್ಕಾಂ. ಮನೆಯವರಿಗೂ ಅದಕ್ಕೂ ಇರುವ ಸಂಬಂಧ ನಿಂತಿರುವುದು 2003ರ ವಿದ್ಯುತ್ ಕಾಯ್ದೆಯ ಮೇಲೆ. ಮೀಟರಿನಿಂದಲೇ ಶುರುಮಾಡಬಹುದು. ಸಾಮಾನ್ಯವಾಗಿ ಮೀಟರು ಕಂಪನಿಯ ಸೊತ್ತು. ಬೇಕೆಂದರೆ ಗ್ರಾಹಕ ತಾನೇ ಮೀಟರು ಕೊಳ್ಳುವುದಕ್ಕೂ ಕಾಯ್ದೆಯಲ್ಲಿ ಅವಕಾಶ ಉಂಟು. ಅದನ್ನು ಓದಲು, ಪರೀಕ್ಷಿಸಲು, ರಿಪೇರಿ ಮಾಡಲು ಸಿಬ್ಬಂದಿ ಮನೆಯೊಳಗೆ ಬರಬಹುದು. ಆದರೆ ಸೂಕ್ತ ವೇಳೆಯಲ್ಲಿ, ಮನೆಯವರಿಗೆ ತಿಳಿಸಿ. ಒಳಗೆ ಬಿಡುವುದಿಲ್ಲವೆಂದು ಹಟ ಹಿಡಿದರೆ ಲಿಖಿತ ನೋಟಿಸು ಕೊಟ್ಟು, 24 ಗಂಟೆ ಕಳೆದ ಮೇಲೆ ಸರಬರಾಜು ನಿಲ್ಲಿಸುವ ಅಧಿಕಾರ ಕಂಪನಿಗಿದೆ. ಮೀಟರಿಗೆ ಕೈ ಹಾಕಿ ಕೆಡಿಸಿದರೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಮೀಟರು ತಪ್ಪು ತೋರಿಸುತ್ತಿದೆ ಎಂದು ಅನುಮಾನ ಬಂದಾಗ ಅದನ್ನು ಬಿಚ್ಚಿ ನೋಡಬಾರದು, ಪರೀಕ್ಷಿಸಿಕೊಡಿ ಎಂದು ಅರ್ಜಿ ಕೊಡಬೇಕು.

ಇನ್ನು ಕಂಬ ಮತ್ತು ತಂತಿ. 2006ರ ನಿಯಮಗಳ ಪ್ರಕಾರ ಖಾಸಗಿ ಜಮೀನಿನ ಮೇಲೆ ತಂತಿ ಎಳೆಯಲು, ಗೋಡೆಗೆ ಆಧಾರ ಕಟ್ಟಲು, ಸ್ಟೇ ಹೂಳಲು ಮಾಲೀಕನ ಅಥವಾ ಅಲ್ಲಿ ವಾಸವಿರುವವನ ಒಪ್ಪಿಗೆ ಮೊದಲೇ ಬೇಕು. ಈ ತತ್ವ ಹೊಸದಲ್ಲ, ಬ್ರಿಟಿಷರ ಕಾಲದ 1910ರ ಕಾಯ್ದೆಯಲ್ಲೂ ಇತ್ತು. ಆದರೆ ಒಬ್ಬ ಒಪ್ಪದಿದ್ದರೆ ಇಡೀ ಓಣಿ ಕತ್ತಲಲ್ಲಿ ಉಳಿಯಬೇಕೆ? ಹಾಗಾಗದಿರಲೆಂದು ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಸರ್ಕಾರ ಗೊತ್ತುಪಡಿಸಿದ ಅಧಿಕಾರಿಯ ಲಿಖಿತ ಅನುಮತಿ ಪಡೆದು ಕೆಲಸ ಮುಂದುವರಿಸಬಹುದು. ಅದಕ್ಕೆ ಪರಿಹಾರವನ್ನೋ ವಾರ್ಷಿಕ ಬಾಡಿಗೆಯನ್ನೋ ಅವರು ಗೊತ್ತುಮಾಡಬಹುದು. ಮುಂದೆ ಯಾವತ್ತಾದರೂ ಮಾಲೀಕ ತಕ್ಕ ಕಾರಣ ತೋರಿಸಿದರೆ ಕಂಬವನ್ನು ತೆಗೆಯುವಂತೆ ಇಲ್ಲವೇ ಬದಲಿಸುವಂತೆ ಆದೇಶಿಸುವ ಅಧಿಕಾರವೂ ಅವರಿಗಿದೆ. ತೆಂಗಿನ ಮರದ ವಿಷಯದಲ್ಲೂ ನ್ಯಾಯ ಇಂಥದೇ. ತಂತಿ ಬರುವುದಕ್ಕೆ ಮೊದಲೇ ಇದ್ದ ಮರವನ್ನು ಮ್ಯಾಜಿಸ್ಟ್ರೇಟರ ಆದೇಶದಂತೆ ಕಡಿಸಿದರೆ ಪರಿಹಾರ ಸಲ್ಲುತ್ತದೆ. ತಂತಿ ಬಂದ ಮೇಲೆ ಅದರ ಕೆಳಗೇ ಸಸಿ ನೆಟ್ಟವನಿಗೆ ಈ ಪರಿಹಾರ ಇಲ್ಲ.

ಮನೆಗೂ ಇದೇ ಪ್ರಶ್ನೆ: ಮೊದಲು ಬಂದದ್ದು ಯಾವುದು? ತಂತಿ ಮೊದಲೇ ಇದ್ದು ಮಹಡಿ ಆಮೇಲೆ ಏರಿದರೆ, ಕಟ್ಟಡ ಶುರುವಾಗುವ ಮುನ್ನವೇ ಕಂಪನಿಗೂ ವಿದ್ಯುತ್ ಪರಿವೀಕ್ಷಕರಿಗೂ ಮಾಲೀಕ ಬರೆದು ತಿಳಿಸಬೇಕು. ತಂತಿ ನಿಯಮದಂತೆಯೇ ಹೋಗಿದ್ದರೆ ಅದನ್ನು ಸರಿಸುವ ಖರ್ಚು ಸಾಮಾನ್ಯವಾಗಿ ಮಾಲೀಕನದೇ. ಇಟ್ಟಿಗೆ, ಸಿಮೆಂಟಿನ ಲೆಕ್ಕ ಹಾಕುವಾಗ ಈ ಖರ್ಚನ್ನು ಮರೆಯುವವರೇ ಹೆಚ್ಚು.

ಎಷ್ಟು ದೂರ ಇರಬೇಕು? ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ ತಂತಿ ತಾರಸಿಯಿಂದ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರ ಇರಬೇಕು. 11 ಸಾವಿರ ವೋಲ್ಟಿನ ತಂತಿಯಾದರೆ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: ಒಣ ಗಾಳಿಯಲ್ಲಿ ಕಿಡಿ ಹಾರಲು ಒಂದು ಮಿಲಿಮೀಟರಿಗೆ ಸುಮಾರು ಮೂರು ಸಾವಿರ ವೋಲ್ಟ್ ಬೇಕು. ಅಂದರೆ 11 ಸಾವಿರ ವೋಲ್ಟು ಹಾರುವುದು ಕೆಲವೇ ಮಿಲಿಮೀಟರ್. ಮತ್ತೆ ಮೀಟರುಗಟ್ಟಲೆ ಅಂತರ ಯಾಕೆ? ಮೊದಲ ಉತ್ತರ, ತಾರಸಿಯ ಮೇಲೆ ನಿಂತವನ ಕೈ. ಆ ಕೈಯಲ್ಲಿ ಕಬ್ಬಿಣದ ಸರಳೋ ಒದ್ದೆ ಬಟ್ಟೆಯೋ ಇದ್ದರೆ ಅದು ಇನ್ನೂ ಉದ್ದವಾಗುತ್ತದೆ. ಎರಡನೆಯ ಉತ್ತರ ಗಾಳಿ; ತಂತಿ ತೂಗಾಡುತ್ತದೆ. ಮೂರನೆಯದು ಬಿಸಿಲು.

ಬಿಸಿಲಿನ ಲೆಕ್ಕ ಸ್ವಾರಸ್ಯದ್ದು. ಎರಡು ಕಂಬಗಳ ನಡುವೆ 50 ಮೀಟರ್ ಇದೆ, ತಂತಿ ನಡುವಿನಲ್ಲಿ 60 ಸೆಂಟಿಮೀಟರ್ ಜೋತಿದೆ ಎನ್ನಿ. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯೇರಿದರೆ ಮೀಟರಿಗೆ 0.023 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಚಳಿಗಾಲದ ಬೆಳಗಿನಿಂದ ಏಪ್ರಿಲ್ ಮಧ್ಯಾಹ್ನಕ್ಕೆ 30 ಡಿಗ್ರಿ ಏರಿದರೆ ಇಡೀ ತಂತಿ ಉದ್ದವಾಗುವುದು ಬರೀ ಮೂರೂವರೆ ಸೆಂಟಿಮೀಟರ್. ಆದರೆ ಜೋಲು ಸ್ಥೂಲ ಲೆಕ್ಕದಲ್ಲಿ ಒಂದು ಮೀಟರಿನ ಹತ್ತಿರಕ್ಕೆ ಇಳಿಯುತ್ತದೆ! ಡಿಸೆಂಬರಿನಲ್ಲಿ ಕೈಗೆ ನಿಲುಕದ ತಂತಿ ಏಪ್ರಿಲಿನಲ್ಲಿ ನಿಲುಕೀತು. ಮಕ್ಕಳು ಗಾಳಿಪಟ ಹಿಡಿದು ತಾರಸಿ ಹತ್ತುವುದೂ ಬೇಸಿಗೆ ರಜೆಯಲ್ಲೇ.

ಅಂಗಳದ ಸ್ಟೇ ತಂತಿಯನ್ನೂ ಒಮ್ಮೆ ನೋಡಬೇಕು. ಅದರ ನಡುವೆ ಮೊಟ್ಟೆಯಾಕಾರದ ಪಿಂಗಾಣಿ ತುಂಡು ಇರುತ್ತದೆ. ಮೇಲಿನ ತಂತಿ ಕಡಿದು ಸ್ಟೇಗೆ ತಗುಲಿದರೂ ವಿದ್ಯುತ್ತು ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಆ ಪಿಂಗಾಣಿ ಒಡೆದಿದ್ದರೆ, ಇಲ್ಲವೇ ಇಲ್ಲದಿದ್ದರೆ, ಸ್ಟೇಗೆ ಕಟ್ಟಿದ ಎಮ್ಮೆಗೂ ಅದನ್ನು ಹಿಡಿದು ತಿರುಗುವ ಮಗುವಿಗೂ ರಕ್ಷಣೆ ಇಲ್ಲ. ಪಿಂಗಾಣಿ ಸರಿಯಿದ್ದರೂ ಸ್ಟೇಗೆ ದನ ಕಟ್ಟುವುದು, ಬಟ್ಟೆಯ ಹಗ್ಗ ಬಿಗಿಯುವುದು ತಪ್ಪೇ.

ಅನಾಹುತವಾದರೆ ಹೊಣೆ ಯಾರದು? ಮಧ್ಯಪ್ರದೇಶದಲ್ಲಿ ಮಳೆ ನೀರು ನಿಂತ ರಸ್ತೆಯಲ್ಲಿ ರಾತ್ರಿ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಬಿದ್ದಿದ್ದ ಜೀವಂತ ತಂತಿ ತಗುಲಿ ಸತ್ತ. ಯಾರೋ ಕದ್ದು ವಿದ್ಯುತ್ ಎಳೆದದ್ದರಿಂದ ಹೀಗಾಯಿತೆಂದು ಅಲ್ಲಿನ ವಿದ್ಯುತ್ ಮಂಡಳಿ ವಾದಿಸಿತು. 2002ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತುವನ್ನು ಸಾಗಿಸುವವರು, ತಮ್ಮ ಅಜಾಗರೂಕತೆ ಇರಲಿ ಬಿಡಲಿ, ಪರಿಹಾರ ಕೊಡಲೇಬೇಕು ಎಂದಿತು. ಪರಿಹಾರ ಬಂದೀತು, ಹೋದವನು ಬರಲಾರ. ಆದ್ದರಿಂದ ದೂರು ಕೊಡಬೇಕಾದದ್ದು ಮೊದಲೇ.

ತಂತಿ ಕಡಿದು ಬಿದ್ದರೆ, ಕಿಡಿ ಹಾರಿದರೆ ತಕ್ಷಣ 1912ಕ್ಕೆ ಫೋನ್ ಮಾಡಬೇಕು. ಉಳಿದದ್ದಕ್ಕೆ ಉಪವಿಭಾಗದ ಕಚೇರಿಗೆ ಅರ್ಜಿ ಬರೆದು, ಪ್ರತಿಯ ಮೇಲೆ ದಿನಾಂಕ, ಮೊಹರು ಹಾಕಿಸಿಕೊಳ್ಳಬೇಕು. ಅಲ್ಲಿ ಕೆಲಸ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ಸುರಕ್ಷತೆಯ ಪ್ರಶ್ನೆಯಾದರೆ ವಿದ್ಯುತ್ ಪರಿವೀಕ್ಷಕರಿಗೂ ಬರೆಯಬಹುದು.

ಅರ್ಜಿಯಲ್ಲಿ ಎತ್ತರ ನಮೂದಿಸಿದರೆ ಒಳ್ಳೆಯದು. ಆದರೆ ಅಳೆಯಲು ತಾರಸಿ ಹತ್ತಿ ಬಿದಿರುಗಳುವನ್ನೋ ಟೇಪನ್ನೋ ತಂತಿಯತ್ತ ಎತ್ತಲೇಬಾರದು. ಹತ್ತನೆಯ ತರಗತಿಯ ತ್ರಿಕೋನಮಿತಿ ಇರುವುದು ಇದಕ್ಕೇ. ತಂತಿಯ ನೇರ ಕೆಳಗಿನ ಬಿಂದುವಿನಿಂದ ಹತ್ತು ಮೀಟರ್ ದೂರದಲ್ಲಿ, ನೆಲದ ಮೇಲೆ ನಿಂತು ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಕೋನ ನೋಡಿದರೆ ಸಾಕು. ಅದರ ಟ್ಯಾಂಜೆಂಟನ್ನು ಹತ್ತರಿಂದ ಗುಣಿಸಿ ಕಣ್ಣಿನ ಎತ್ತರ ಕೂಡಿಸಿದರೆ ತಂತಿಯ ಎತ್ತರ ಸಿಗುತ್ತದೆ. ಅದರಿಂದ ಮನೆಯ ಎತ್ತರ ಕಳೆದರೆ ಉಳಿಯುವುದು ಅಂತರ. ಲೆಕ್ಕ ಮಗಳು ಮಾಡಲಿ, ಅರ್ಜಿಗೆ ಸಹಿ ಅಪ್ಪ ಹಾಕಲಿ.