ತಾಯಿಯ ಕಣ್ಣೊಂದೇ ಸಾಲದು

ಏಳು ವರ್ಷದ ಗ್ರೇಮ್ ಬೇಕರ್‌ಗೆ ಈಜು ಚೆನ್ನಾಗಿ ಬರುತ್ತಿತ್ತು. ಮೂರನೇ ವಯಸ್ಸಿಗೇ ಯಾರ ಆಸರೆಯೂ ಇಲ್ಲದೆ ಈಜುತ್ತಿದ್ದವಳು. 2002ರ ಜೂನ್‌ನಲ್ಲಿ, ಅಮೆರಿಕದಲ್ಲಿ, ಒಂದು ಪಾರ್ಟಿಗೆ ಹೋದಾಗ ಅಲ್ಲಿನ ಬಿಸಿನೀರಿನ ತೊಟ್ಟಿಗೆ ಇಳಿದಳು. ತಳದ ಡ್ರೈನ್ ಅವಳನ್ನು ಹಿಡಿದುಕೊಂಡಿತು. ತಾಯಿ ನ್ಯಾನ್ಸಿ ನೀರಿಗಿಳಿದು ಎಳೆದರು, ಮತ್ತೆ ಎಳೆದರು. ಮಗು ಕದಲಲಿಲ್ಲ. ಕೊನೆಗೆ ಇಬ್ಬರು ಗಂಡಸರು ಇದ್ದ ಬಲವನ್ನೆಲ್ಲ ಹಾಕಿದಾಗ ಡ್ರೈನಿನ ಮುಚ್ಚಳವೇ ಮುರಿಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು.

ನೀರಿನಲ್ಲಿ ಮಗು ಸತ್ತರೆ ನಮ್ಮ ಬಾಯಿಂದ ಮೊದಲು ಬರುವ ಮಾತು ಒಂದೇ: ‘ತಾಯಿ ಎಲ್ಲಿ ಹೋಗಿದ್ದಳು?’ ಈ ತಾಯಿ ಅಲ್ಲೇ ಇದ್ದರು. ಮಗುವಿಗೆ ಈಜೂ ಗೊತ್ತಿತ್ತು. ಕೈಕೊಟ್ಟದ್ದು ತೊಟ್ಟಿಯ ಪೈಪು, ಪಂಪು, ಮುಚ್ಚಳ.

ಪೂಲಿನ ನೀರನ್ನು ಶುದ್ಧ ಮಾಡಲು ಪಂಪು ತಳದ ಡ್ರೈನಿನಿಂದ ನೀರೆಳೆದು ಫಿಲ್ಟರ್‌ಗೆ ಕಳಿಸುತ್ತದೆ. ಇರುವುದು ಒಂದೇ ಡ್ರೈನ್, ಅದರ ಮೇಲಿನ ಜಾಲರಿ ಚಪ್ಪಟೆ ಎಂದಿಟ್ಟುಕೊಳ್ಳಿ. ಮಗುವಿನ ಬೆನ್ನೋ ಹೊಟ್ಟೆಯೋ ಅದನ್ನು ಮುಚ್ಚಿದರೆ ಪಂಪಿನ ಸೆಳೆತವೆಲ್ಲ ಆ ಒಂದು ಜಾಗದಲ್ಲೇ ಸೇರುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಗಲದ ಬಾಯಿಗೆ, ವಾಯುಮಂಡಲದ ಒತ್ತಡದ ಅರ್ಧದಷ್ಟು ಸೆಳೆತ ಇದ್ದರೂ 150 ಕಿಲೋಗೂ ಮಿಕ್ಕಿದ ಬಲವಾಗುತ್ತದೆ. ಮೂರು ಮೂಟೆ ಸಿಮೆಂಟಿನ ಭಾರ. ಯಾವ ತಾಯಿಯ ತೋಳು ಅದನ್ನು ಗೆದ್ದೀತು? ಉದ್ದ ಕೂದಲು ಜಾಲರಿಯೊಳಗೆ ಸುತ್ತಿಕೊಂಡರಂತೂ ಪಂಪು ನಿಲ್ಲಿಸಿದರೂ ತಲೆ ಬಿಡಿಸಿಕೊಳ್ಳುವುದು ಕಷ್ಟ.

ನ್ಯಾನ್ಸಿ ಬೇಕರ್ ಅಮೆರಿಕದ ಸಂಸತ್ತಿನ ಮುಂದೆ ನಿಂತು ಇದನ್ನು ವಿವರಿಸಿದರು. ಮಗಳ ಸಾವನ್ನು ಅಪರಿಚಿತರೆದುರು ಬಿಡಿಸಿ ಹೇಳಬೇಕಾದ ತಾಯಿಯ ಸಂಕಟ ಎಂಥದ್ದಿರಬೇಕು! ಗ್ರೇಮ್‌ಳ ಅಜ್ಜ ಜೇಮ್ಸ್ ಬೇಕರ್ ಅಮೆರಿಕದ ವಿದೇಶಾಂಗ ಸಚಿವರಾಗಿದ್ದವರು. ಅಂಥ ಮನೆತನಕ್ಕೂ ಕಾನೂನು ಕಾಣಲು ಐದು ವರ್ಷ ಹಿಡಿಯಿತು. 2007ರ ಬೇಸಿಗೆಯಲ್ಲಿ ಮಿನಿಯಾಪೊಲಿಸ್ ಬಳಿ, ಚಿಕ್ಕ ಮಕ್ಕಳು ಆಡುವ ಆಳವಿಲ್ಲದ ಕೊಳದಲ್ಲಿ, ಮುಚ್ಚಳ ಸರಿಯಾಗಿ ಕೂರದ ಡ್ರೈನ್ ಆರು ವರ್ಷದ ಇನ್ನೊಂದು ಮಗುವಿನ ಕರುಳನ್ನೇ ಸೆಳೆದುಬಿಟ್ಟಿತು. ಆ ವರ್ಷ ಡಿಸೆಂಬರ್ 19ರಂದು ಗ್ರೇಮ್ ಹೆಸರಿನ ಕಾಯ್ದೆಗೆ ಅಧ್ಯಕ್ಷ ಬುಷ್ ಸಹಿ ಹಾಕಿದರು. ಮಿನಿಯಾಪೊಲಿಸ್ ಬಳಿಯ ಆ ಮಗು ಮರುವರ್ಷ ಮಾರ್ಚ್‌ನಲ್ಲಿ ತೀರಿಕೊಂಡಿತು.

ಆ ಕಾಯ್ದೆ ಕೇಳಿದ್ದು ದೊಡ್ಡದೇನಲ್ಲ. ಸಾರ್ವಜನಿಕ ಕೊಳದ ಡ್ರೈನಿಗೆ ದೇಹ, ಕೂದಲು ಸಿಕ್ಕಿಕೊಳ್ಳದಂಥ ಪರೀಕ್ಷಿತ ಮುಚ್ಚಳ ಹಾಕಿ. ಒಂದೇ ಡ್ರೈನ್ ಇದ್ದರೆ, ಏನಾದರೂ ಸಿಕ್ಕಿಕೊಂಡ ಕೂಡಲೇ ಸೆಳೆತವನ್ನು ತಪ್ಪಿಸುವ ಅಥವಾ ಪಂಪನ್ನು ತಾನಾಗಿ ನಿಲ್ಲಿಸುವಂಥ ಇನ್ನೊಂದು ರಕ್ಷಣೆ ಇಡಿ. 2008ರ ಡಿಸೆಂಬರ್‌ನಿಂದ ಅದು ಜಾರಿಗೆ ಬಂತು. ಆಮೇಲೆ ಸಾರ್ವಜನಿಕ ಕೊಳಗಳಲ್ಲಿ ಡ್ರೈನಿಗೆ ಸಿಕ್ಕಿ ಮಗು ಸತ್ತ ವರದಿ ಬಂದಿಲ್ಲವೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ವರ್ಷ ವರ್ಷವೂ ಹೇಳುತ್ತಾ ಬಂತು. ಒಂದು ಮುಚ್ಚಳ, ಒಂದು ಕಾನೂನು ಮಾಡಿದ ಕೆಲಸ ಇದು.

ಈಗ ನಮ್ಮ ಕಡೆ ನೋಡಿ. ಪೂಲಿನ ಅಪಾಯ ಡ್ರೈನೊಂದೇ ಅಲ್ಲ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ವರ್ತೂರು ಕಡೆಯ ಅಪಾರ್ಟ್‌ಮೆಂಟ್ ಒಂದರ ಪೂಲಿನಲ್ಲಿ ಪುಟ್ಟ ಹುಡುಗಿಯೊಬ್ಬಳು ತೀರಿಕೊಂಡಳು. 2024ರ ನವೆಂಬರ್‌ನಲ್ಲಿ ಮಂಗಳೂರಿನ ಉಳ್ಳಾಲದ ಬಳಿ ರೆಸಾರ್ಟಿನ ಪೂಲಿನಲ್ಲಿ ಮೈಸೂರಿನ ಮೂವರು ಯುವತಿಯರು ಒಟ್ಟಿಗೇ ಮುಳುಗಿದರು. ಕಾಪಾಡಲು ಲೈಫ್‌ಗಾರ್ಡ್ ಇರಲಿಲ್ಲ. ಆಮೇಲೆ ಬಂಧನ, ಬೀಗಮುದ್ರೆ, ನಾಲ್ಕು ದಿನದ ಸುದ್ದಿ. ಹೆಣ ಬಿದ್ದ ಮೇಲೆ ಏಳುವ ಆಡಳಿತ ನಮಗೆ ಬೇಡ.

ವಿಧಾನಸೌಧದಲ್ಲಿ ಕೂತಿರುವ ಶಾಸಕರೇ, ಅಪಾರ್ಟ್‌ಮೆಂಟು, ಹೋಟೆಲು, ಹೋಮ್‌ಸ್ಟೇ, ಶಾಲೆ ಯಾವುದನ್ನೂ ಬಿಡದೆ ಎಲ್ಲ ಪೂಲಿಗೂ ಅನ್ವಯಿಸುವ, ಉಲ್ಲಂಘಿಸಿದರೆ ನಿಜವಾಗಿ ಬಿಸಿ ಮುಟ್ಟಿಸುವ ಕಾಯ್ದೆ ತನ್ನಿ. ಡ್ರೈನಿಗೆ ಪರೀಕ್ಷಿತ ಮುಚ್ಚಳ ಕಡ್ಡಾಯವಾಗಲಿ. ಸುತ್ತ ನಾಲ್ಕು ಅಡಿಗೆ ಕಡಿಮೆಯಿಲ್ಲದ ಬೇಲಿ, ಕೈಬಿಟ್ಟರೆ ತಾನೇ ಮುಚ್ಚಿಕೊಂಡು ಚಿಲಕ ಬೀಳುವ ಗೇಟು ಬೇಕು. ನೀರೊಳಗಿನ ದೀಪಕ್ಕೆ ಕಡಿಮೆ ವೋಲ್ಟೇಜು, ಕರೆಂಟ್ ಸೋರಿದರೆ ಕ್ಷಣದಲ್ಲೇ ಟ್ರಿಪ್ ಆಗುವ ವ್ಯವಸ್ಥೆ ಬೇಕು. ಪಂಪ್ ರೂಮಿನ ಬೀಗದ ಕೈ ಮೇನ್ ಗೇಟಿನ ಸೆಕ್ಯೂರಿಟಿಯ ಜೇಬಿನಲ್ಲಿದ್ದರೆ ಪಂಪು ನಿಲ್ಲಿಸುವ ಸ್ವಿಚ್ಚು ಇದ್ದೂ ಇಲ್ಲದಂತೆ. ನೀರಿನ ಅಂಚಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಕೆಂಪು ಸ್ವಿಚ್ಚು ಇರಬೇಕು.

ಅಸೋಸಿಯೇಷನ್‌ಗಳ ಪದಾಧಿಕಾರಿಗಳೇ, ಕಾಯ್ದೆ ಬರಲಿ ಎಂದು ಕಾಯಬೇಡಿ. ಪಂಪು ನಿಲ್ಲಿಸಿ, ನೀರು ತಿಳಿಯಾದ ಮೇಲೆ ತಳದ ಜಾಲರಿಯನ್ನು ಕಣ್ಣಾರೆ ನೋಡಿ. ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಎರಡೇ ಇವೆಯೇ? ಪ್ಲಾಸ್ಟಿಕ್ಕು ಬಿಸಿಲಿಗೆ, ಕ್ಲೋರಿನ್‌ಗೆ ಬಿರುಕು ಬಿಟ್ಟಿದೆಯೇ? ಲಾಬಿಯ ಗ್ರಾನೈಟಿಗೆ ಲಕ್ಷಗಟ್ಟಲೆ ಸುರಿದ ಕೈ ಇದಕ್ಕೆ ಹಿಂದೆ ಸರಿಯಬಾರದು. ಅಪ್ಪ ಅಮ್ಮಂದಿರೇ, ಮುಂದಿನ ಜನರಲ್ ಬಾಡಿ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳಕ್ಕಿಂತ ಮೊದಲು ಇದನ್ನು ಎತ್ತಿ, ಉತ್ತರ ಬರಹದಲ್ಲಿ ಕೇಳಿ. ಉತ್ತರ ಬರುವ ತನಕ, ಮುಚ್ಚಳ ಬದಲಾಗುವ ತನಕ, ಬೇಸಿಗೆ ರಜೆಯೇ ಇರಲಿ, ಆ ಪೂಲಿಗೆ ಬೀಗ ಹಾಕಿಸಿ.